ಒಲೆ ಎಣಿಸಲು ಹೋದವನು

ಮನೆಗೊಂದಲ್ಲ, ಒಲೆಗೊಂದು ದಿನಸಿ ಕಿಟ್ಟು. ಜಹೀರಾಬಾದಿನ ನಮ್ಮ ಪರಿಹಾರ ಸಂಸ್ಥೆಗೆ ಈ ನಿಯಮ ಹೇಳಿಕೊಟ್ಟವನೇ ನಾನು. ನಮ್ಮ ಕಡೆ ಅಣ್ಣತಮ್ಮಂದಿರು ಬೇರೆಯಾದರೆ ನಡುವೆ ಗೋಡೆ ಏಳುವುದಿಲ್ಲ, ಅದೇ ಸೂರಿನಡಿ ಇನ್ನೊಂದು ಮಣ್ಣಿನ ಒಲೆ ಏಳುತ್ತದೆ. ರೇಷನ್ ಕಾರ್ಡು ಸುಳ್ಳು ಹೇಳಬಹುದು, ಒಲೆ ಹೇಳುವುದಿಲ್ಲ ಎಂದು ಸಭೆಯಲ್ಲಿ ದೊಡ್ಡ ಬಾಯಿ ಮಾಡಿದ್ದೆ. ಎಲ್ಲರೂ ತಲೆದೂಗಿದರು. ಅದು ನನ್ನ ತಲೆಗೇರಿತು.

ಹಳ್ಳ ಊರೊಳಗೆ ನುಗ್ಗಿ ಇಳಿದ ನಾಲ್ಕನೇ ದಿನ, ನಾಗಲಗಿದ್ದದ ಹತ್ತಿರದ ಊರೊಂದಕ್ಕೆ ಪಟ್ಟಿ ಬರೆಯಲು ಹೋದೆ. ಮಧ್ಯಾಹ್ನ ಮೂರಾದರೂ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ, ಇನ್ನೂ ಅರ್ಧ ಊರು ಬಾಕಿ. ಕಿಷ್ಟಪ್ಪನ ಬಾಗಿಲಲ್ಲಿ ನಿಂತು, ನಾನು ಜೈಪಾಲ, ಸಂಸ್ಥೆಯವನು ಎಂದು ಹೇಳಿ, ಎಷ್ಟು ಒಲೆ ಎಂದು ಕೇಳಿದೆ.

"ಒಂದೇ ಅದರಿ," ಎಂದ ಕಿಷ್ಟಪ್ಪ.

ಅವನ ತಮ್ಮನ ಹೆಂಡತಿ ಸ್ವರೂಪಾ ಹಿಂದಿನಿಂದ ಮುಂದೆ ಬಂದಳು. ಗಂಡ ತೀರಿ ನಾಲ್ಕು ವರ್ಷವಾದವಳು.

"ನಂದು ಬ್ಯಾರೆ ಅದ ಜೈಪಾಲಣ್ಣಾ. ಎರಡು ವರ್ಷ ಆತು, ಕೂಲಿ ಮಾಡಿ ನಾನೇ ಬೇಯಿಸ್ಕೊಂಡು ಉಣ್ತೀನಿ."

"ಎಲ್ಲಿ ಅದ? ತೋರಸ್ರಿ."

ಅವಳು ಪಡಸಾಲೆಯ ಮೂಲೆ ತೋರಿಸಿದಳು. ಅಲ್ಲಿ ಹಸಿ ಮಣ್ಣಿನ ಗುಪ್ಪೆಯಿತ್ತು. ಕಿಷ್ಟಪ್ಪನ ಒಲೆ ಒಳಗೆ ಎತ್ತರದ ಕಟ್ಟೆಯ ಮೇಲಿದ್ದುದರಿಂದ ಉಳಿದಿತ್ತು. ಮಣ್ಣಿನ ಒಲೆ ನೀರಿಗೆ ಕರಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಆದರೆ ಒಬ್ಬಳಿಗೆ ಬಿಟ್ಟರೆ ಓಣಿಯೆಲ್ಲ ಇಂಥ ಗುಪ್ಪೆ ತೋರಿಸುತ್ತದೆ ಎಂಬ ಶಾಣ್ಯಾತನ ಬೇರೆ ಇತ್ತಲ್ಲ.

"ಒಲಿ ಕಾಣದೆ ಹೆಂಗ ಬರ್ಕೋಲಿ ಅಕ್ಕಾ?" ಎಂದು, ಪಟ್ಟಿಯಲ್ಲಿ ಒಂದು ಎಂದು ಬರೆದು, ಮುಂದಿನ ಮನೆಗೆ ನಡೆದೆ. ಅವಳು ಜಗಳವಾಡಲಿಲ್ಲ. ಆಡಿದ್ದರೆ ಎಷ್ಟು ಚೆನ್ನಾಗಿತ್ತು.

ರಾತ್ರಿ ಹೊಟ್ಟೆಗೆ ಅನ್ನ ಬಿದ್ದ ಮೇಲೆ ಬುದ್ಧಿ ಬಂತು. ನಾಳೆ ತಿದ್ದಿದರಾಯಿತು ಎಂದುಕೊಂಡೆ. ಮರುದಿನ ತಾಂಡೂರಿಗೆ ಕಳಿಸಿದರು, ಅಲ್ಲಿಂದ ನಾರಾಯಣಖೇಡಕ್ಕೆ. ಹೀಗೆ ಮೂರು ವಾರ ಹೋದವು. ನೆಪ ಹೇಳುತ್ತಿಲ್ಲ, ಮನಸ್ಸಿದ್ದರೆ ಒಂದು ಫೋನು ಸಾಕಿತ್ತು.

ಕೊನೆಗೊಂದು ದಿನ ಕಿಟ್ಟು ಹೊತ್ತುಕೊಂಡು ಹೋದೆ. ಸ್ವರೂಪಾ ಕಿಷ್ಟಪ್ಪನ ಒಲೆಯ ಮುಂದೆ ಇಡೀ ಮನೆಗೆ ರೊಟ್ಟಿ ಬಡಿಯುತ್ತಿದ್ದಳು. ಪಡಸಾಲೆಯ ಮೂಲೆಯಲ್ಲಿ ಅವನ ಗೊಬ್ಬರದ ಚೀಲಗಳಿದ್ದವು.

"ತಪ್ಪಾಗ್ಯದ ಅಕ್ಕಾ. ನಿಮ್ಮ ಹೆಸರು ಬ್ಯಾರೆ ಬರ್ಕೋತೀನಿ."

ಅವಳು ರೊಟ್ಟಿ ತಿರುವಿ ಹಾಕಿದಳು. "ಒಲಿ ಮಾಡಾಕ ಮಣ್ಣು ತಂದಿದ್ದೆ. ನಮ್ಮ ಭಾವ, ಪಟ್ಟ್ಯಾಗ ಒಂದೇ ಒಲಿ ಅಂತ ಬರ್ದಾರ, ನಿಂದು ಬ್ಯಾರೆ ಎಲ್ಲಿಂದು ಅಂದ್ರು. ಊರ ಹಿರ್ಯಾರೂ ಹೌದಂದ್ರು."

"ಹಿರ್ಯಾರಿಗೆ ನಾನೇ ಹೇಳ್ತೀನಿ. ನಾ ಬರ್ದದ್ದು ಸುಳ್ಳು ಅಂತ."

"ಅವತ್ತು ಸುಳ್ಳಿತ್ತು ಅಣ್ಣಾ," ಎಂದಳು. "ಈಗ ಖರೇ ಆಗ್ಯದ. ಬೇಕಾದ್ರ ಎಣಿಸ್ಕೋರಿ."