ಮೊಸರನ್ನದಿಂದ ಅಳೆದ ಆಯುಷ್ಯ

ನಾನು ಒಂದು ಹೆಣ್ಣು ಬೆಕ್ಕು. ಮಂಗಳೂರಿನಲ್ಲಿ ಮೀನಿನ ದೋಣಿಗಳು ನಿಲ್ಲುವ ದಕ್ಕೆಯಲ್ಲಿ, ಐಸ್ ಪೆಟ್ಟಿಗೆಗಳ ಹಿಂದೆ ಹುಟ್ಟಿದವಳು. ಕಣ್ಣು ಬಿಡುವ ಮೊದಲೇ ಬಂಗುಡೆ ಮೀನಿನ ವಾಸನೆ ಯಾವುದು, ಬೂತಾಯಿಯದು ಯಾವುದು ಎಂದು ನನಗೆ ಗೊತ್ತಿತ್ತು. ಮೀನು ಕೊಳ್ಳಲು ಬಂದ ಹಿಲ್ಡಾ ಬಾಯಿ ಚೀಲದ ಜೊತೆಗೇ ನನ್ನನ್ನೂ ಮನೆಗೆ ತಂದು ರೋಸಿ ಎಂದು ಕರೆದರು. ಅವರ ನಾಯಿ ನನ್ನನ್ನು ಸಹಿಸಲಿಲ್ಲ. ಪಕ್ಕದ ಮನೆಯ ಉಡುಪರ ಹೆಂಡತಿ ವಾರಿಜಮ್ಮ ನನ್ನನ್ನು ಕೇಳಿ ಪಡೆದು, ಗೌರಿ ಎಂದು ಹೆಸರಿಟ್ಟು, ಮೊಸರನ್ನ ಹಾಕಿದರು.

ಉಡುಪರು ಬಂದವರಿಗೆಲ್ಲ ಹೇಳುತ್ತಿದ್ದರು: “ನಮ್ಮ ಗೌರಿ ಮೀನು ಮೂಸಿಯೂ ನೋಡುವುದಿಲ್ಲ ಮಾರಾಯ್ರೆ. ಸಂಸ್ಕಾರ!” ನಾನು ದಿನಾ ಮಧ್ಯಾಹ್ನ, ನಾಯಿ ಮಲಗಿದ ಹೊತ್ತಿಗೆ ಗೋಡೆ ಹಾರಿ, ಹಿಲ್ಡಾ ಬಾಯಿಯ ಹಿತ್ತಲಲ್ಲಿ ಉಂಡು, ಮೀಸೆ ನೆಕ್ಕಿಕೊಂಡು ಬರುತ್ತಿದ್ದೆ. ಓದಿದ ಮನುಷ್ಯನ ಮೂಗು ಇಷ್ಟೇ. ಹಿಲ್ಡಾ ಬಾಯಿ ಮಾತ್ರ ಉಡುಪರ ಮರ್ಯಾದೆ ಕಾಯ್ದು ತುಟಿ ಬಿಚ್ಚಲಿಲ್ಲ.

ಮುದಿತನದಲ್ಲಿ ನನ್ನ ಕಿಡ್ನಿ ಕೆಟ್ಟಿತು. ಗೋಡೆ ಹಾರುವ ಶಕ್ತಿ ಹೋಯಿತು. ಡಾಕ್ಟರು ಔಷಧಿ ಕೊಟ್ಟು, “ಗುಣ ಆಗುವುದಿಲ್ಲ. ಇಷ್ಟಪಟ್ಟು ತಿನ್ನುವಷ್ಟು ದಿನ ಇರಲಿ. ಅದನ್ನೂ ಬಿಟ್ಟರೆ ನರಳಿಸುವುದು ಬೇಡ, ಇಂಜೆಕ್ಷನ್ ಕೊಟ್ಟು ಕಳಿಸುವ” ಎಂದರು. ನನ್ನ ಜೀವ ಉಡುಪರ ತೀರ್ಪಿಗೆ ಬಿತ್ತು. ನೋವಿಗೆ ಗುರುಗುಟ್ಟಿದರೆ “ನೋಡು, ಖುಷಿಯಲ್ಲಿದೆ” ಎನ್ನುವರು. ನೆಮ್ಮದಿಯಾಗಿ ಬಿಸಿಲಿಗೆ ಮಲಗಿದರೆ “ಅಯ್ಯೋ, ಹೋಯ್ತಾ?” ಎಂದು ಬಾಲ ಎಳೆದು ನೋಡುವರು. ಕೊನೆಗೆ, ನಾನು ಮೊಸರನ್ನ ಮುಟ್ಟುತ್ತಿಲ್ಲವೆಂದು ಕನ್ನಡಕ ಒರೆಸಿಕೊಂಡರು. “ಇನ್ನು ಕಷ್ಟ ಕೊಡುವುದು ಬೇಡ ವಾರಿಜ. ಡಾಕ್ಟ್ರಿಗೆ ಫೋನ್ ಮಾಡ್ತೇನೆ.”

ಗೋಡೆಯಾಚೆ ಕೇಳಿಸಿಕೊಂಡ ಹಿಲ್ಡಾ ಬಾಯಿ ಓಡಿ ಬಂದರು. “ತಡೆಯಿರಿ ಮಾರಾಯ್ರೆ! ಅದಕ್ಕೆ ಮೊಸರನ್ನ ಎಲ್ಲಿ ಸೇರ್ತದೆ? ಇಷ್ಟು ವರ್ಷ ನಮ್ಮಲ್ಲಿ ಬೂತಾಯಿ ತಿಂದೇ ಬದುಕಿದ್ದು.”

“ಗೌರಿಯಾ? ಮೀನಾ?”

“ನಮ್ಮಲ್ಲಿ ಅವಳು ರೋಸಿ.”

ಉಡುಪರು ಕುರ್ಚಿಯಲ್ಲಿ ಕುಸಿದರು. ನಾನು ಸಾಯುವುದಕ್ಕಿಂತ ಅದೇ ಅವರಿಗೆ ಹೆಚ್ಚು ತಾಗಿತು. ವಾರಿಜಮ್ಮ “ಬೇಯಿಸಿ ತನ್ನಿ ಬಾಯಮ್ಮ” ಎಂದರು. ಹಿತ್ತಲ ಮೆಟ್ಟಿಲಲ್ಲಿ ಕೂತು, ಸೆರಗಿನಿಂದ ಮೂಗು ಮುಚ್ಚಿ, ಜನ್ಮದಲ್ಲಿ ಮೊದಲ ಸಲ ಮೀನಿನ ಮುಳ್ಳು ಬಿಡಿಸಿದರು. ತೀರಾ ಕೆಟ್ಟದಾಗಿ ಬಿಡಿಸಿದರು. ನಾನು ತಟ್ಟೆ ನೆಕ್ಕಿದೆ. ಫೋನ್ ಮಾಡುವ ಮಾತು ನಿಂತಿತು.

ದೀಪಾವಳಿ ಕಳೆಯುವವರೆಗೆ ಹಾಗೆಯೇ ನಡೆಯಿತು. ಈ ಬೆಳಿಗ್ಗೆ ಬೂತಾಯಿಗೂ ನಾನು ಮುಖ ತಿರುಗಿಸಿದೆ. “ಬಂಗುಡೆ ತರಿಸುವುದಾ?” ಎಂದರು ಉಡುಪರು. ಈ ವಯಸ್ಸಿಗೆ ಎರಡು ಮೀನಿನ ಹೆಸರು ಕಲಿತದ್ದೇ ಅವರ ಸಾಧನೆ. ವಾರಿಜಮ್ಮ ತಟ್ಟೆಯನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡಿದರು. “ಬೇಡ. ಇವಳಿಗೆ ಸಾಕಾಗಿದೆ. ಈಗ ಫೋನ್ ಮಾಡಿ.”

ಈ ಮನೆಯಲ್ಲಿ ಒಬ್ಬರಾದರೂ ನೋಡಲು ಕಲಿತರು.

ಗೇಟಿನಲ್ಲಿ ಡಾಕ್ಟರ ಸ್ಕೂಟರ್ ನಿಂತಿದೆ. ವಾರಿಜಮ್ಮ ಮೀನಿನ ಕೈ ತೊಳೆಯುವುದನ್ನೂ ಮರೆತು ನನ್ನನ್ನು ಎತ್ತಿಕೊಂಡಿದ್ದಾರೆ. ಎತ್ತಿಕೊಂಡವರನ್ನು ಪರಚದೆ ಬಿಟ್ಟವಳಲ್ಲ ನಾನು. ಉಗುರು ಈಗಲೂ ಚೂಪಾಗಿಯೇ ಇದೆ. ಒಳಗೆಳೆದುಕೊಂಡಿದ್ದೇನೆ.