ತೂಗುಹಾಕಿದ ಸಂಡಿಗೆ

ಸುಹಾಸಿನಿ ಅದನ್ನು ಬಿಸಿಲಿಗೆ ಎತ್ತಿ ಹಿಡಿದು ಒಂದು ಕಣ್ಣು ಮುಚ್ಚಿದಳು. ಅತ್ತೆ ಶಿವದೇವಿ ಹಿಂದಿನ ದಿನ ಬೆಳಿಗ್ಗೆ ಮಾಳಿಗೆಯ ಮೇಲೆ ಹಳೆಯ ಧೋತರ ಹಾಸಿ ಸಾಬೂದಾನಿ ಸಂಡಿಗೆ ಇಟ್ಟಿದ್ದರು. ಧೋತರ ಗಾಳಿಗೆ ಹಾರದಿರಲೆಂದು ಮೂಲೆಯಲ್ಲಿ ಹಿತ್ತಾಳೆಯ ಚಂಬನ್ನು ಬೋರಲು ಹಾಕಿದ್ದರು. ಒಂದು ಸೌಟು ಹಿಟ್ಟು ಕೈತಪ್ಪಿ ಆ ಚಂಬಿನ ಮೇಲೆಯೇ ಬಿದ್ದು, ಅದರ ಮೈಗುಂಟ ಇಳಿದು ಒಣಗಿತ್ತು. ಈಗ ಅದು ಚಂಬಿನಿಂದ ಬಿಟ್ಟುಕೊಂಡು ಸುಹಾಸಿನಿಯ ಕೈಗೆ ಬಂದಿತ್ತು. ಯಾವುದೋ ಕಾಡುಹೂವಿನ ಮೊಗ್ಗು ಅರ್ಧ ಬಿರಿದಂತೆ ಕಾಣುತ್ತಿತ್ತು. ಒಳಗಿನ ಸಾಬೂದಾನಿ ಕಾಳುಗಳು ಕಪ್ಪೆಯ ಮೊಟ್ಟೆಗಳ ಹಾಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಅವುಗಳ ನಡುವೆ ಬೆಳಕು ತೂರಿ ಅವಳ ಮುಂಗೈ ಮೇಲೆ ಬಿದ್ದಿತ್ತು.

ತನ್ನ ಶಿಲ್ಪಗಳಿಗೆ ಬೆಳಕು ತೂರುವ ಇಂಥದೊಂದು ತೊಗಲಿಗಾಗಿ ಅವಳು ಎರಡು ವರ್ಷ ಪರದಾಡಿದ್ದಳು. ಶಾಲೆಯಲ್ಲಿ ಚಿತ್ರಕಲೆ ಕಲಿಸಿ ಬಂದ ಮೇಲೆ ಮೇಲಿನ ಕೋಣೆ ಸೇರಿಕೊಂಡರೆ ಊಟಕ್ಕೆ ಕರೆದರೂ ಕೇಳಿಸುತ್ತಿರಲಿಲ್ಲ. ಒಣಗಿದ ಹೀರೆಕಾಯಿಯ ನಾರು, ಬಾಳೆಯ ಪಟ್ಟೆ, ಹುಣಸೆಬೀಜದ ಅಂಟು ಎಲ್ಲವನ್ನೂ ಪರೀಕ್ಷಿಸಿ ನೋಡಿದ್ದಳು. ಬೀಜ, ಕೋಶ, ಕಾಯಿಗಳ ಆಕಾರವೇನೋ ಬರುತ್ತಿತ್ತು. ಬೆಳಕು ಮಾತ್ರ ಒಳಗೆ ಹೋಗುತ್ತಿರಲಿಲ್ಲ. ಕಡಲಪಾಚಿಯ ಪುಡಿ ತರಿಸಿ ತೆಳ್ಳನೆಯ ಹಾಳೆ ಮಾಡಿದರೆ, ಅವರ ಮನೆಯಿದ್ದ, ಸಿಕಂದರಾಬಾದಿನ ಹತ್ತಿರದ ಬಾಲಾನಗರದ ಬೇಸಿಗೆಗೆ ಅದು ಮೂರನೆಯ ದಿನವೇ ಬಿರುಕು ಬಿಟ್ಟಿತ್ತು. ಹಾಗೆ ಮಾಡಿದ್ದೆಲ್ಲ ಪತ್ರಿಕೆಯ ಹಾಳೆಗಳಲ್ಲಿ ಸುತ್ತಿಕೊಂಡು ಅಟ್ಟ ಸೇರುತ್ತಿತ್ತು.

"ಅತ್ತ್ಯಾರ, ಈ ಹಿಟ್ಟು ನನಗೊಂದು ಪಾತೇಲಿ ತುಂಬ ಬೇಕ್ರಿ," ಅಂದಳು ಸುಹಾಸಿನಿ.

ಶಿವದೇವಿ ಧೋತರದ ಬೆನ್ನಿಗೆ ನೀರು ಚಿಮುಕಿಸಿ ಸಂಡಿಗೆ ಬಿಡಿಸುತ್ತ ಕೂತಿದ್ದರು. "ತಗೊಳವಾ, ಅದಕ್ಕೇನು. ಸಾಲಿಯವರಿಗೆ ಕೊಡಾಕೇನು?"

"ಅಲ್ಲ. ಗುಂಬಳಕಾಯಿ ಮ್ಯಾಲೆ, ಬುಟ್ಟಿ ಮ್ಯಾಲೆ ಹೊಯ್ದು ಒಣಗಿಸ್ತೀನಿ. ಪ್ರದರ್ಶನದಾಗ ತೂಗುಹಾಕಾಕ."

ಶಿವದೇವಿಯ ಕೈ ನಿಂತಿತು. "ತಿನ್ನೋದನ್ನ ತೂಗುಹಾಕ್ತಿ? ನಾರು ಹಚ್ಚಿದಿ, ತೊಗಟಿ ಹಚ್ಚಿದಿ, ನಾ ಒಂದು ಮಾತಾಡ್ಲಿಲ್ಲ. ಅನ್ನ ಅಂದ್ರ ಆಟದ ಸಾಮಾನಲ್ಲ, ಸುಹಾಸಿನಿ. ನಾ ಕೊಡಾಂಗಿಲ್ಲ."

ಸುಹಾಸಿನಿ ವಾದಿಸಲಿಲ್ಲ. ಅತ್ತೆ ಹುಟ್ಟಿ ಬೆಳೆದ ಗಂಗಾವತಿಯ ಮನೆಯಲ್ಲಿ ತಾಟಿನಲ್ಲಿ ಒಂದು ಅಗುಳು ಉಳಿದರೂ ತೊಳೆದು ಕುಡಿಯಬೇಕಿತ್ತು ಎಂಬುದನ್ನು ಅವಳು ಕೇಳಿದ್ದಳು. ಆದರೆ ಆ ಚಂಬಿನ ಸಂಡಿಗೆಯನ್ನು ಅವಳು ಅಡುಗೆಮನೆಯ ಕಿಟಕಿಗೆ ದಾರ ಕಟ್ಟಿ ಇಳಿಬಿಟ್ಟಳು. ತನ್ನ ಪರವಾಗಿ ಅತ್ತೆಯನ್ನು ಅದೇ ಕೇಳಲಿ ಎಂದುಕೊಂಡಳು. ಎದುರಿನ ಕಾರ್ಖಾನೆಯ ಲೇತ್ ಯಂತ್ರದ ಸದ್ದಿಗೆ ಅದು ಸಣ್ಣಗೆ ನಡುಗುತ್ತಿತ್ತು. ಶಿವದೇವಿ ಒಗ್ಗರಣೆ ಹಾಕುವಾಗ, ಅಕ್ಕಿ ತೊಳೆಯುವಾಗ ಅದನ್ನು ನೋಡುತ್ತಿದ್ದರು. ನೋಡಿದ್ದು ಸೊಸೆಗೆ ಗೊತ್ತಾಗಬಾರದೆಂದು ತಟ್ಟನೆ ಮುಖ ತಿರುಗಿಸುತ್ತಿದ್ದರು.

ಅಮಾವಾಸ್ಯೆ ಕಳೆದ ಮಾರನೆಯ ದಿನ ಅವರಾಗಿಯೇ ಮಾತು ತೆಗೆದರು. "ಒಂದು ಮಾತು ನಡಸ್ತೀ ಅಂದ್ರ ಹಿಟ್ಟು ಕಾಸಿ ಕೊಡ್ತೀನಿ. ಮಂದಿ ನೋಡಿ ಆದ ಮ್ಯಾಲೆ ಎಲ್ಲಾನೂ ಕರೀಬೇಕು, ತಿನ್ನಬೇಕು. ಒಂದೂ ಉಳೀಬಾರದು."

"ಒಂದೂ ಉಳಿಸಂಗಿಲ್ರಿ," ಎಂದು ಸುಹಾಸಿನಿ ತಕ್ಷಣ ಒಪ್ಪಿದಳು.

ಆ ಬೇಸಿಗೆ ಮಾಳಿಗೆ ತುಂಬ ಅವರಿಬ್ಬರದೇ ರಾಜ್ಯ. ತಿನ್ನುವುದಾದ್ದರಿಂದ ಅಂಟಿಲ್ಲ, ಬಣ್ಣವಿಲ್ಲ. ಅಂಚಿಗೆ ಬೇಕಾದರೆ ಬೀಟ್‌ರೂಟಿನ ರಸ, ಅಷ್ಟೇ. ಉಪ್ಪಿನ ವಿಷಯಕ್ಕೆ ಜಗಳವೇ ಆಯಿತು. ಉಪ್ಪು ಹಾಕಿದರೆ ತೇವ ಎಳೆದುಕೊಂಡು ಮೆತ್ತಗಾಗುತ್ತದೆಂದು ಸುಹಾಸಿನಿ, "ಉಪ್ಪಿಲ್ಲದ ಸಂಡಿಗಿ ಯಾರ ಬಾಯಿಗೆ?" ಎಂದು ಶಿವದೇವಿ. ಕೊನೆಗೆ ಉಪ್ಪು ಅರ್ಧವಾಯಿತು, ಜೀರಿಗೆ ದುಪ್ಪಟ್ಟಾಯಿತು. ಒಣಗಿದ ಮೇಲೆ ಜೀರಿಗೆ ಹಣ್ಣಿನೊಳಗಿನ ಬೀಜದಂತೆ ಕಂಡಿತು. ಸುಹಾಸಿನಿ ಹಿಟ್ಟನ್ನು ಒಮ್ಮೆ ತೆಳ್ಳಗೆ ಹೊಯ್ದಳು, ಒಮ್ಮೆ ಅದರಲ್ಲಿ ಬಟ್ಟೆ ಅದ್ದಿ ಎಳೆದಳು, ಅರೆಒಣಗಿದ್ದನ್ನು ಕೈಯಲ್ಲೇ ತಿರುಚಿ ಎಲೆಯ ನರಗಳನ್ನು ಎಬ್ಬಿಸಿದಳು. ಒಡೆದವು ಬೇಕಾದಷ್ಟು. ಒಡೆದದ್ದೆಲ್ಲ ಮಧ್ಯಾಹ್ನದ ಸಾರಿನ ಜೊತೆ ಮುಗಿಯುತ್ತಿತ್ತು.

ಎಲ್ಲಕ್ಕಿಂತ ದೊಡ್ಡದು ಬಿದಿರಿನ ಬುಟ್ಟಿಯ ಮೇಲೆ ಪದರು ಪದರಾಗಿ ಹೊಯ್ದದ್ದು. ಬುಟ್ಟಿಯಿಂದ ಬಿಡಿಸುವ ದಿನ ಇಬ್ಬರೂ ಎರಡು ಕಡೆಯಿಂದ ಬೆರಳು ತೂರಿಸಿ ಅಂಚು ಎಬ್ಬಿಸಿದರು. ಬಿಟ್ಟುಕೊಂಡು ಬಂದಾಗ ಅದು ಒಂದು ಹಸುಗೂಸು ಮಲಗುವಷ್ಟು ದೊಡ್ಡ ಬೀಜಕೋಶವಾಗಿತ್ತು. ಒಳಮೈಯಲ್ಲಿ ಬಿದಿರಿನ ಹೆಣಿಗೆ ಅಚ್ಚೊತ್ತಿತ್ತು. "ಅಯ್ಯ ನನ ಶಿವನ," ಎಂದರು ಶಿವದೇವಿ.

ಪ್ರದರ್ಶನ ನಡೆದದ್ದು ಸಿಕಂದರಾಬಾದಿನ ಒಂದು ಹಳೆಯ ಬಂಗಲೆಯಲ್ಲಿ. ಅದನ್ನು ನಡೆಸುತ್ತಿದ್ದ ಭವಾನಿ ಬೀದರಿನವಳು, ಸುಹಾಸಿನಿಯ ಕಾಲೇಜಿನ ಗೆಳತಿ. ಎತ್ತರದ ಕಿಟಕಿಗಳ ಮುಂದೆ ನೂಲಿನ ದಾರಗಳಲ್ಲಿ ಸಂಡಿಗೆಗಳು ತೂಗಿದವು. ಸಂಜೆಯ ಬಿಸಿಲು ಬಂದರೆ ಇಡೀ ಹಜಾರ ಜೇನಿನ ಬಣ್ಣಕ್ಕೆ ತಿರುಗುತ್ತಿತ್ತು. ಬಂದವರು ಮೊದಲು ಗಾಜು ಅನ್ನುತ್ತಿದ್ದರು. ಆಮೇಲೆ ಮೂಗಿಗೆ ಜೀರಿಗೆಯ ವಾಸನೆ ಬಡಿದು ನಗುತ್ತಿದ್ದರು.

ವಾಸುದೇವ ರೆಡ್ಡಿ ಎಂಬ ಕಣ್ಣಿನ ಡಾಕ್ಟರು ಮಾತ್ರ ನಗಲಿಲ್ಲ. ದೊಡ್ಡ ಕೋಶದ ಮುಂದೆ ಬಹಳ ಹೊತ್ತು ನಿಂತರು. ಮರುದಿನ ಹೆಂಡತಿಯನ್ನು ಕರೆತಂದರು, ಅದರ ಮರುದಿನ ಒಬ್ಬರೇ ಬಂದರು. ಆಮೇಲೆ ಭವಾನಿಯ ಹತ್ತಿರ, ಅದು ತಮಗೆ ಬೇಕು, ಗಾಜಿನ ಪೆಟ್ಟಿಗೆ ಮಾಡಿಸಿ ತೇವ ತಗುಲದಂತೆ ಇಟ್ಟುಕೊಳ್ಳುತ್ತೇನೆ ಎಂದರು.

"ಇಷ್ಟು ವರ್ಷದಾಗ ನಿನ್ನದೊಂದು ಕೆಲಸ ಯಾರರೆ ಹಿಂಗ ಕೇಳ್ಯಾರೇನು?" ಭವಾನಿ ಫೋನಿನಲ್ಲಿ ಕೂಗಿದಳು. "ಉಳಿದಿದ್ದೆಲ್ಲ ಕರೀರಿ. ಇದೊಂದು ಬಿಡ್ರಿ!"

ಸುಹಾಸಿನಿ ಅಂದು ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಮುಂದೆ ನಡೆದದ್ದನ್ನೆಲ್ಲ ಹೇಳಿದಳು. ಶಿವದೇವಿ ರೊಟ್ಟಿ ತಿರುವಿ ಹಾಕಿದರು. "ಕೈ ನಿಂದು, ಕೆಲಸ ನಿಂದು. ಬೇಕಂದವರಿಗೆ ಕೊಡು. ನನ್ನ ಮಾತಿಗೆ ಕಟ್ಟಬೀಳಬ್ಯಾಡ," ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಆ ರೊಟ್ಟಿ ಮಾತ್ರ ಹಂಚಿನ ಮೇಲೆ ತುಸು ಕಪ್ಪಾಯಿತು.

ಕಟ್ಟು ಬಿಚ್ಚಿದ ಮೇಲೆ ಸುಹಾಸಿನಿಗೆ ಹಗುರೆನಿಸಬೇಕಿತ್ತು. ಆದರೆ ಮರುದಿನ ಬೆಳಿಗ್ಗೆ, ಮಂದಿಗೆ ಬಾಗಿಲು ತೆರೆಯುವ ಮೊದಲೇ, ಬಂಗಲೆಗೆ ಹೋಗಿ ಕೋಶದ ಕೆಳಗೆ ನೆಲದ ಮೇಲೆ ಕೂತಳು. ಕಿಟಕಿಯಿಂದ ಬಂದ ಗಾಳಿಗೆ ಅದು ಅತ್ತ ತಿರುಗಿ ಇತ್ತ ತಿರುಗುತ್ತಿತ್ತು. ಗಾಜಿನ ಪೆಟ್ಟಿಗೆಯಲ್ಲಿ ಅದನ್ನು ಊಹಿಸಿಕೊಂಡಳು. ಅಲ್ಲಿ ಗಾಳಿಯಿಲ್ಲ, ಜೀರಿಗೆಯ ವಾಸನೆಯಿಲ್ಲ. ಅಟ್ಟದ ಮೇಲೆ ಸುತ್ತಿಟ್ಟ ತನ್ನ ಹಳೆಯ ಕೆಲಸಗಳೆಲ್ಲ ಹೀಗೇ ಉಳಿದುಕೊಂಡಿವೆಯಲ್ಲ ಅನ್ನಿಸಿತು. ಈವರೆಗೆ ಉಳಿಯಬೇಕೆಂದೇ ಅವಳು ಎಲ್ಲವನ್ನೂ ಮಾಡಿದ್ದಳು. ಇದನ್ನು ಮಾತ್ರ ಮುಗಿಯಲಿ ಎಂದು ಮಾಡಿದ್ದಳು. ಇದರಲ್ಲೇ ಬೆಳಕು ಬಂದಿತ್ತು.

ಡಾಕ್ಟರಿಗೆ ಅವಳೇ ಫೋನು ಮಾಡಿ, ಕೊಡಲಾಗುವುದಿಲ್ಲ, ಭಾನುವಾರ ಕರಿಯುತ್ತೇವೆ, ಬನ್ನಿ, ಮೊದಲ ತುಂಡು ನಿಮಗೇ ಎಂದಳು. ಅವರು ಬರುತ್ತೇನೆಂದೂ ಹೇಳದೆ ಫೋನಿಟ್ಟರು. ಸುದ್ದಿ ಕೇಳಿದ ಶಿವದೇವಿ ಸೆರಗಿನಿಂದ ಮುಖ ಒರೆಸಿಕೊಂಡರು. "ಹುಚ್ಚಿ," ಎಂದರು. ಸ್ವಲ್ಪ ಹೊತ್ತಿಗೆ, "ಅಷ್ಟಕ್ಕ ಮನಿ ಬಾಣಲಿ ಸಾಲಂಗಿಲ್ಲ. ಮಠದಿಂದ ತರಸಬೇಕು," ಎಂದು ಚಪ್ಪಲಿ ಹುಡುಕಿದರು.

ಭಾನುವಾರ ಬಂಗಲೆಯ ಹಿತ್ತಲಲ್ಲಿ ಬೇವಿನ ನೆರಳಿಗೆ ಒಲೆ ಹೂಡಿದರು. ಸಣ್ಣವೆಲ್ಲ ಒಂದೊಂದಾಗಿ ಎಣ್ಣೆಗಿಳಿದು, ಕಣ್ಣೆದುರಿಗೇ ಉಬ್ಬಿ, ಬೆಳ್ಳಗಾಗಿ, ಬೇರೆಯೇ ಆಕಾರಕ್ಕೆ ಅರಳಿದವು. ಯಾರೋ ತೆಲುಗಿನಲ್ಲಿ "ಅಬ್ಬಾ!" ಎಂದರು. ಮಂದಿ ತಟ್ಟೆ ಹಿಡಿದು ಸಾಲುಗಟ್ಟಿದರು. ದೊಡ್ಡದನ್ನು ಮುರಿಯುವ ಸರದಿ ಬಂದಾಗ ಭವಾನಿ ಒಳಗೆ ಹೋಗಿಬಿಟ್ಟಳು. ಸುಹಾಸಿನಿ ಅದನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಹೆಬ್ಬೆರಳು ಒತ್ತಿದಳು. ಒಣ ಎಲೆ ತುಳಿದಂಥ ಸದ್ದಾಯಿತು. ಆಮೇಲೆ ಅವಳು ಸರಾಗವಾಗಿ ಮುರಿಯುತ್ತ ಹೋದಳು. ಶಿವದೇವಿ ಕೈಚಾಚಿ ತೆಗೆದುಕೊಂಡು ಎಣ್ಣೆಗೆ ಬಿಡುತ್ತ ಹೋದರು.

ಡಾಕ್ಟರು ಬಂದದ್ದು ಆಗಲೇ. ಮೊದಲ ತುಂಡನ್ನು ಎರಡು ಬೆರಳಲ್ಲಿ ಹಿಡಿದು, ತಿನ್ನದೆ, ಸೂರ್ಯನಿಗೆ ಎತ್ತಿ ನೋಡತೊಡಗಿದರು.

"ಖಾವೋ ಸಾಬ್," ಎಂದರು ಶಿವದೇವಿ ಕರಿಯುವ ಜಾಲರಿ ಸೌಟು ಝಳಪಿಸುತ್ತ. "ಥಂಡಾ ಹೋಗಯಾ ತೋ ಮಜಾ ನೈ!"

ಆರಿಹೋದರೆ ರುಚಿಯಿಲ್ಲವೆಂಬ ಆ ಮಾತಿಗೆ ಡಾಕ್ಟರು ಕಚ್ಚಿದರು. ಕಣ್ಣು ಮುಚ್ಚಿಕೊಂಡು ಜಗಿದರು. ಇನ್ನೊಂದಕ್ಕೆ ತಟ್ಟೆ ಮುಂದೆ ಮಾಡಿದರು.

ಸುಹಾಸಿನಿ ತನ್ನ ಪಾಲಿನದನ್ನು ಹಿಡಿದು ಬೇವಿನ ಕಟ್ಟೆಯ ಮೇಲೆ ಕೂತಳು. ಎಣ್ಣೆಯಿಂದ ಆಗಷ್ಟೇ ಎದ್ದು ಬಂದಿದ್ದ ಅದು ಅಂಗೈಯಲ್ಲಿ ಇನ್ನೂ ಸಣ್ಣಗೆ ಚಿಟಿಚಿಟಿ ಎನ್ನುತ್ತಿತ್ತು.