ಕಾಳ್ಯಾನ ಪಾಲಿನ ತತ್ತಿ

ನೀಲಾಬಾಯಿಗಿ, ಅಂದ್ರ ನನಗ, ಸಿಟ್ಟು ಮೂಗಿನ ಮ್ಯಾಲ ಅಂತ ನಮ್ಮೂರು ಚಪಳಗಾಂವದಾಗ ಯಾರನ್ನ ಕೇಳಿದ್ರೂ ಹೇಳ್ತಾರ. ಆ ಸಿಟ್ಟಿನ ಸಲುವಾಗಿನ ಇವತ್ತ ಸೊಸಿ ಮುಂದ ಮಾರಿ ಎತ್ತಲಾರದಂಗ ಆಗೇದ ನನಗ.

ಕಾಳ್ಯಾ ನಮ್ಮ ನಾಯಿ. ನಾ ಎಸ್‌ಟಿ ಬಸ್ಸು ಇಳಿದು ಬರೂದು ನೋಡಿ ಬಾಲಾ ಅಳ್ಳಾಡಿಸ್ಕೋತ ನನ್ನ ಕಡೆ ಓಡಿ ಬರ್ತಿತ್ತು. ಅಷ್ಟ್ರಾಗ ಒಂದು ಟಮಟಮ ರಿಕ್ಷಾ ಅದರ ಹಿಂದಿನ ಕಾಲ ಮ್ಯಾಲ ಹಾದು ಹೋತು. ಮಗ ಸೋಮೇಶ ಸೋಲಾಪುರಕ್ಕ ಒಯ್ದು ಮುರಿದ ಎಲುಬಿಗಿ ಸ್ಟೀಲಿನ ಸಳಿ ಹಾಕಿಸ್ಕೊಂಡು ಬಂದ. ನೋವಿಗಿ ಅದು ಭಕ್ರಿ ಮೂಸಿ ಮಾರಿ ತಿರುವತಿತ್ತು, ಹಾಲೂ ಮುಟ್ಟಲಿಲ್ಲ. ಹೊಟ್ಟ್ಯಾಗ ಕಸುವು ಇಲ್ಲದಿದ್ರ ಗಾಯ ತುಂಬಂಗಿಲ್ಲ, ಕುದಿಸಿದ ಕೋಳಿ ತತ್ತಿ ಹಾಕ್ರಿ ಅಂತ ಡಾಕ್ಟರ್ ಹೇಳಿ ಕಳಿಸಿದ್ರು.

ನಾವು ಲಿಂಗಾ ಕಟ್ಟಿದವರು. ನಮ್ಮ ಮನ್ಯಾಗ ತತ್ತಿ ಹೆಸರು ಸುದ್ದಾ ತಗೊಳ್ಳಂಗಿಲ್ಲ. "ಹಾಲಾಗ ಶೇಂಗಾ ಕುಟ್ಟಿ ಹಾಕ್ರಿ. ಹಸಿವಾದ್ರ ತಾನ ತಿಂತದ," ಅಂದೆ. ಸೋಮೇಶ ಹಾಲು ತಂದಿಟ್ಟ. ಸೊಸಿ ಶ್ರದ್ಧಾ ಶೇಂಗಾ ಕುಟ್ಟಾಕ ಕುಂತ್ಲು.

ಒಂದಿನ ಮಧ್ಯಾಹ್ನ ಹಿತ್ತಲದಾಗ ಹೊಗಿ ಕಂಡು ಹೋದೆ. ಬೇಲಿ ಬಾಜು ಕಲ್ಲು ಹೂಡಿ, ಹಳೇ ಡಬ್ಬ್ಯಾಗ ಶ್ರದ್ಧಾ ತತ್ತಿ ಕುದಸಾಕತ್ತಿದ್ಲು. ವಾಸನಿ ತಾಳಲಾರದಕ್ಕ ಮೂಗಿಗಿ ಸೆರಗು ಕಟ್ಟಿಕೊಂಡಿದ್ಲು. ಆ ಸೆರಗು ನಾ ನೋಡಿದೆ, ನೋಡಿದ್ರೂ ಆಕಿಗೂ ಇದು ಸೇರಂಗಿಲ್ಲಂತ ತಿಳಕೊಳ್ಳಲಿಲ್ಲ. ಓಣಿ ಮಂದಿ ಕೂಡೂವಂಗ ಬಾಯಿ ಮಾಡಿದೆ. "ನಿನ್ನ ತವರಮನ್ಯಾಗ ಇದನ್ನ ಕಲ್ತು ಬಂದೀ ಏನು? ನಿಮ್ಮವ್ವ ಇದನ್ನ ತಿನಿಸಿ ಬೆಳಿಸ್ಯಾಳೇನು?" ಅಂದೆ. ಎಲುಬಿಲ್ಲದ ನಾಲಿಗಿ, ಎಲ್ಲಿ ನಿಲ್ತದ? ಡಬ್ಬಿ ಒದ್ದೆ. ತಲಿ ಮ್ಯಾಲ ನೀರು ಹಾಕ್ಕೊಂಡ ಒಳಗ ಕಾಲಿಡು ಅಂದೆ. ಆಕಿ ತಲಿ ತಗ್ಗಿಸಿ ಜಳಕಾ ಮಾಡಿ ಬಂದು ನನಗ ಚಾ ಮಾಡಿಕೊಟ್ಟಳು. ನಾ ಕುಡದೆ.

ಶ್ರದ್ಧಾ ಕದ್ದು ಹಾಕತಿದ್ದ ತತ್ತಿ ನಿಂತ ಮ್ಯಾಲ ಕಾಳ್ಯಾ ತಲಿ ಎತ್ತೂದೂ ಬಿಟ್ಟಿತು. ಗಾಯ ಕೀವು ಹಿಡೀತು. ಸೋಮೇಶ ಪಟ್ಟಿ ಬದಲಿಸುವಾಗ ನಾ ಅದರ ತಲಿ ಹಿಡ್ಕೊಂಡಿದ್ದೆ. ನೋವಿಗಿ ಗಡಗಡ ನಡಗತಿತ್ತು, ಆದ್ರೂ ನನ್ನ ಕೈ ಕಚ್ಚಲಿಲ್ಲ, ನೆಕ್ಕಿತು. ನನ್ನ ಕಡೆ ಓಡಿ ಬಂದು ಕಾಲು ಮುರಕೊಂಡ ಪ್ರಾಣಿ ಅದು. ಈಗ ನನ್ನ ಮರ್ಯಾದಿ ಸಲುವಾಗಿ ಉಪವಾಸ ಸಾಯಾಕತ್ತೇದ. ನೆಲಾ ಬಾಯಿ ಬಿಟ್ರ ಒಳಗ ಹೋಗಬೇಕು ಅನಿಸ್ತು.

ಊರಾಗ ತತ್ತಿ ತಗೊಂಡ್ರ ಮಂದಿ ನೋಡ್ತಾರಂತ ಇವತ್ತ ಅಕ್ಕಲಕೋಟಕ್ಕ ಹೋದೆ. ನೋಡ್ರಿ, ಆಗೂ ಮಂದೀದ ಚಿಂತಿ ನನಗ. ಅಂಗಡ್ಯಾಂವ "ಕಾಯ್ ಪಾಯ್ಜೆ ಮಾವಶಿ?" ಅಂತ ಮರಾಠಿಲೆ ಏನು ಬೇಕು ಕೇಳಿದ್ರ ತತ್ತಿ ಅಂತ ಬಾಯಿಲೆ ಅನ್ನಾಕ ಬರಲಿಲ್ಲ, ಬೊಟ್ಟು ಮಾಡಿ ತೋರಿಸಿದೆ. ಎಸ್‌ಟಿ ಸ್ಟ್ಯಾಂಡಿನ್ಯಾಗ ನಮ್ಮ ಓಣಿ ಮುಕ್ತಾಬಾಯಿ ಗಂಟು ಬಿದ್ಲು.

"ಚೀಲದಾಗ ಏನದವ್ವಾ? ಕೂಸಿನ್ನ ಹಿಡಿದಂಗ ಹಿಡದೀ."

"ಗಾಜಿನ ಬಳಿ," ಅಂದೆ. "ಶ್ರದ್ಧಾಗ."

"ಮೊನ್ನಿ ಅಷ್ಟು ಬೈದು, ಇವತ್ತ ಬಳಿ ತಂದ್ಯಾ? ನಿನ್ನ ಮನಸ್ಸು ದೊಡ್ಡದವ್ವಾ," ಅಂದ್ಲು ಮುಕ್ತಾಬಾಯಿ. ಊರು ಬರೂತನಕ ನಾ ಕಿಡಕಿ ಹೊರಗ ನೋಡ್ಕೋತ ಕುಂತೆ.

ಮನಿಗಿ ಬಂದು ಅದೇ ಬೇಲಿ ಬಾಜು, ಅದೇ ಕಲ್ಲಿನ ಮ್ಯಾಲ, ನಾ ಒದ್ದ ಡಬ್ಬಿನ ಇಟ್ಟೆ. ನೀರು ಕುದೀತು. ತತ್ತಿ ಎಷ್ಟೊತ್ತು ನೀರಾಗ ಬಿಡಬೇಕು, ಸಿಪ್ಪಿ ಹ್ಯಾಂಗ ಸುಲಿಬೇಕು, ನನಗೇನು ಗೊತ್ತು? ಆಕಿನ್ನ ಕರೀಬೇಕಾತು. "ಶ್ರದ್ಧಾ," ಅಂದೆ. ತಪ್ಪಾತು ಅನ್ನೂದು ಬಿಟ್ಟು ಒಲಿಗಿ ಕಟಗಿ ಒಟ್ಟಿದೆ.

ಆಕಿ ಬಂದು ಡಬ್ಬಿ ನೋಡಿದ್ಲು, ನನ್ನ ನೋಡಿದ್ಲು. ಆ ಕಡೆ ಕಾಳ್ಯಾ ತಲಿ ಎತ್ತಿ ಮೂಸಾಕತ್ತಿತ್ತು. ಶ್ರದ್ಧಾ ಮೂಗಿಗಿ ಸೆರಗು ಕಟ್ಟಿಕೊಂಡು ನನ್ನ ಬಾಜು ಕುಂತ್ಲು. ನಾ ಚೀಲದಾಗಿನ ತತ್ತಿಗಿ ಕೈ ಹಾಕೂದ್ರಾಗ ನನ್ನ ಮುಂಗೈ ಹಿಡಿದ್ಲು.

"ನೀವು ಮುಟ್ಟಬ್ಯಾಡ್ರಿ, ಅತ್ತ್ಯಾರ," ಅಂದ್ಲು. "ನಾ ಹ್ಯಾಂಗೂ ಜಳಕಾ ಮಾಡಾಕಿ ಇದ್ದೀನಿ."